ಕಾರು ಎಬ್ಬಿಸುವ ಕೆಲಸ

ಅವತ್ತು ಗುರುವಾರ. ಹಿಂದಿನ ದಿನದ ಬಂಗಡೆ ಸಾರು ಉಳಿದಿತ್ತು. ಒಂದು ದಿನ ಹಳೆಯದಾದ ಬಂಗಡೆ ಸಾರಿಗೆ ರುಚಿ ಹೆಚ್ಚು ಎಂಬುದನ್ನು ಹೊನ್ನಾವರದ ಪಕ್ಕದ ನಮ್ಮ ಕಾಸರಕೋಡಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನನ್ನ ಗಂಡ ಗಣಪತಿಯಂತೂ ರಾತ್ರಿ ಬೇಕೆಂದೇ ಕಡಿಮೆ ತಿಂದು ಬೆಳಗಿನ ಗಂಜಿಗೆ ಉಳಿಸಿಕೊಳ್ಳುವವರು. ಅವತ್ತೂ ಹಾಗೆಯೇ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದಾಗ ಕುಮಟಾದಿಂದ ಮಗಳು ಸುಮಾ ಫೋನ್ ಮಾಡಿದಳು. ಇವರ ಬೆರಳಿಗೆಲ್ಲ ಸಾರು ಮೆತ್ತಿದ್ದರಿಂದ ನಾನೇ ಫೋನನ್ನು ಸ್ಪೀಕರಿಗೆ ಹಾಕಿ ಬಟ್ಟಲಿನ ಪಕ್ಕ ಇಟ್ಟೆ.

"ಅಪ್ಪ, ಇವತ್ತೆಲ್ಲಿ ನಿನ್ ಸವಾರಿ?"

"ಭಟ್ಕಳ. ಸಾಹೇಬ್ರ ಫಿಯೆಟ್ ಎಬ್ಬಿಸ್ಬೇಕು."

"ಮೊನ್ನೆ ಮಂಡಿ ನೋವು ಅಂದದ್ದು ಯಾರು? ಊರಿನವ್ರ ಕಾರು ಒರೆಸ್ಕಂಡೇ ಸಾಯ್ತ್ಯ ಎಂತ ನೀನು?"

ಇವರು ನಕ್ಕರು. ಬಾಯಿಂದ ಒಂದು ಮುಳ್ಳು ತೆಗೆದು ಬಟ್ಟಲಿನ ಅಂಚಿಗೆ ಅಂಟಿಸಿ, "ಸಾಯೂಕೆ ಪುರ್ಸೊತ್ತು ಎಲ್ಲದೆ ಮಗಾ? ನಾಳೆ ಧಾರೇಶ್ವರದ ಅಂಬಾಸಿಡರ್ ಅದೆ," ಎಂದರು. ಆಮೇಲೆ ಕೈ ತೊಳೆದು, ಮಳೆಕೋಟನ್ನು ಮಡಚಿ ಸ್ಕೂಟರಿನ ಸೀಟಿನಡಿಗೆ ತುರುಕಿ, "ಸಂಜೆ ಬತ್ತೆ" ಎಂದು ಹೊರಟರು. ನಾನು ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ತಲೆ ಎತ್ತಿ ನೋಡಿದೆನೋ ಇಲ್ಲವೋ ನೆನಪಿಲ್ಲ. ದಿನಾ ಹೋಗುವವರನ್ನು ಯಾರು ತಲೆಯೆತ್ತಿ ನೋಡುತ್ತಾರೆ ಹೇಳಿ.

ಇವರ ಕೆಲಸವನ್ನು ಹೊರಗಿನವರಿಗೆ ತಿಳಿಸಿ ಹೇಳುವುದು ನನಗೆ ಯಾವಾಗಲೂ ಕಷ್ಟವಾಗುತ್ತಿತ್ತು. ಸುಮಾಳ ಮದುವೆಯ ಮಾತುಕತೆಗೆ ಬಂದ ಗಂಡಿನ ಕಡೆಯ ಹಿರಿಯರೊಬ್ಬರು "ಯಜಮಾನ್ರು ಎಂತ ಮಾಡ್ತ್ರು?" ಎಂದು ಕೇಳಿದಾಗ ನಾನು ಬೇಗ ಮುಗಿಯಲಿ ಎಂದು "ಡ್ರೈವರ್" ಎಂದುಬಿಟ್ಟೆ. ಇವರು ಸುಮ್ಮನಿರಬೇಕಲ್ಲ! "ಡ್ರೈವರ್ ಅಲ್ಲ. ನಾ ಓಡ್ಸೂ ಕಾರು ಗೇಟು ದಾಟೂದೇ ಇಲ್ಲ. ಎಬ್ಬಿಸ್ತೆ, ಮತ್ತೆ ಮಲಗಿಸ್ತೆ," ಎಂದರು. ಆ ಹಿರಿಯರು, "ಹಂಗಾರೆ ತೊಟ್ಲು ತೂಗೂ ಕೆಲ್ಸ ಅನ್ನಿ," ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಇವರೇ. ಸುಮಾ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಳು.

ಭಟ್ಕಳದ ಎಷ್ಟೋ ಮನೆಗಳ ಜನ ಕೊಲ್ಲಿ ದೇಶಗಳಲ್ಲಿದ್ದಾರೆ. ಹೊನ್ನಾವರ, ಕುಮಟಾದ ಕೆಲವು ಮನೆಯವರು ಮುಂಬೈಯಲ್ಲಿ. ಮನೆಗೆ ಬೀಗ, ಕಾರಿಗೆ ಮುಸುಕು. ವರ್ಷಕ್ಕೊಮ್ಮೆ ರಜೆಗೋ ಮದುವೆಗೋ ಬಂದಾಗ ಕಾರು ಹೊರಡಬೇಕು. ಆದರೆ ನಮ್ಮ ಕರಾವಳಿಯಲ್ಲಿ ಸುಮ್ಮನೆ ನಿಂತ ಕಾರು ಉಳಿಯುವುದಿಲ್ಲ. ಬ್ಯಾಟರಿ ಇಳಿಯುತ್ತದೆ, ಬ್ರೇಕು ಕಚ್ಚಿಕೊಳ್ಳುತ್ತದೆ, ಇಲಿ ಬಂದು ಸಂಸಾರ ಹೂಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಉಪ್ಪುಗಾಳಿ. ಒಂದು ಮಳೆಗಾಲ ಯಾರೂ ಮುಟ್ಟದೆ ಬಿಟ್ಟರೆ ಬಾಗಿಲ ಕೆಳಗಿನ ತಗಡು ನೆನೆದ ಹಪ್ಪಳದಂತಾಗುತ್ತದೆ. ಹಾಗಾಗಿ ಅಂಥವರು ಇವರ ಕೈಯಲ್ಲಿ ಕೀಲಿ ಕೊಟ್ಟು ಹೋಗುತ್ತಿದ್ದರು. ಇವರು ವಾರಕ್ಕೊಮ್ಮೆ ಹೋಗಿ, ಎಂಜಿನ್ ಶುರುಮಾಡಿ, ಬಿಸಿಯಾಗುವ ತನಕ ಬಿಟ್ಟು, ಟಯರು ಒಂದೇ ಕಡೆ ಕೂರದಂತೆ ತುಸು ಹಿಂದೆ ಮುಂದೆ ಸರಿಸಿ, ಒರೆಸಿ, ಮುಸುಕು ಹಾಕಿ ಬರುತ್ತಿದ್ದರು. ಇದಕ್ಕೆ ಇವರು ಇಟ್ಟ ಹೆಸರು ಎಬ್ಬಿಸುವುದು. "ಕುಮಟಾದ ಡಾಕ್ಟ್ರದ್ದು ಇವತ್ತು ಏಳೂಕೇ ಒಲ್ಲೆ ಅಂತು," ಎಂದು ಊಟ ಮಾಡುತ್ತ ಹೇಳುತ್ತಿದ್ದರು. ಶಾಲೆಗೆ ಹೋಗಲು ಹಟ ಮಾಡಿದ ಮಗುವಿನ ಬಗ್ಗೆ ಹೇಳಿದಂತೆ. ಎಂಜಿನ್ ಕೆಲಸ ಇವರು ಕಲಿತದ್ದು ಸೋದರಮಾವನ ಮೀನು ಬೋಟಿನಲ್ಲಿ. ಸಮುದ್ರ ಮೈಗೆ ಒಗ್ಗದೆ ದಡಕ್ಕೆ ಬಂದರು. ಸ್ವಂತಕ್ಕೆ ಒಂದು ಕಾರು ಯಾವತ್ತೂ ಇರಲಿಲ್ಲ.

ನಾನೂ ಒಮ್ಮೆ ಇವರ ಜೊತೆ ಧಾರೇಶ್ವರಕ್ಕೆ ಹೋಗಿದ್ದೆ. ದೇವಸ್ಥಾನಕ್ಕೆಂದು ಹೊರಟವಳನ್ನು ಇವರು ದಾರಿಯಲ್ಲಿ ಅಂಬಾಸಿಡರ್ ಇದ್ದ ಮನೆಗೆ ಕರೆದೊಯ್ದರು. ಇವರು ಬಾನೆಟ್ಟು ಎತ್ತಿ ತಲೆ ಒಳಗೆ ಹಾಕಿದ್ದಾಗ ನಾನು ಮೆಲ್ಲಗೆ ಹಿಂದಿನ ಸೀಟಿನಲ್ಲಿ ಹೋಗಿ ಕೂತೆ. ಸೋಫಾದಂಥ ಸೀಟು. ಸೆರಗು ಸರಿಮಾಡಿಕೊಂಡು, ಯಾವುದೋ ಶ್ರೀಮಂತರ ಮನೆಯ ಮದುವೆಗೆ ಹೊರಟವಳ ಹಾಗೆ ಗತ್ತಿನಲ್ಲಿ ಕಿಟಕಿಯಿಂದಾಚೆ ನೋಡಿದರೆ, ಕಾಂಪೌಂಡಿನ ಹೊರಗೆ ಸೊಪ್ಪು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ನನ್ನನ್ನೇ ನೋಡುತ್ತಿದ್ದಳು. "ಎಲ್ಲಿಗ್ರಾ ಹೊರಟದ್ದು?" ಎಂದು ಕೇಳಿದಳು. ನಾನು "ಎಲ್ಲಿಗೂ ಇಲ್ಲ" ಎಂದೆ. ಬಾನೆಟ್ಟಿನ ಹಿಂದಿನಿಂದ ಇವರ ನಗು ಕೇಳಿಸಿತು.

ಇವರ ಜೊತೆ ಬಸ್ಸಿನಲ್ಲಿ ಹೋದರೆ ದಾರಿಯುದ್ದಕ್ಕೂ ಸತ್ತ ಕಾರುಗಳ ಪರಿಚಯವಾಗುತ್ತಿತ್ತು. ಹೆದ್ದಾರಿ ಅಗಲ ಮಾಡಿದಾಗ ಎಷ್ಟೋ ಮನೆಗಳ ಅಂಗಳ ಹೋಯಿತು. ಹಿತ್ತಲಿನಲ್ಲಿ, ಗ್ಯಾರೇಜಿನ ಹಿಂದೆ ಮರೆಯಲ್ಲಿ ಬಿದ್ದಿದ್ದ ಕಾರುಗಳು ರಸ್ತೆಯ ಬದಿಗೇ ಬಂದವು. ಪೊಲೀಸ್ ಠಾಣೆಗಳ ಮುಂದೆ ಅಪಘಾತದವು ಸಾಲಾಗಿ ನಿಂತಿರುತ್ತವೆ. ಒಂದರ ಕಿಟಕಿಯಿಂದ ಹಲಸಿನ ಗಿಡ ಹೊರಗೆ ಬಂದಿತ್ತು. ಇವರು ಅವನ್ನೆಲ್ಲ ಹೆಸರು ಹಿಡಿದು ಹೇಳುತ್ತಿದ್ದರು. ಇದು ಇಂಥ ವಕೀಲರದ್ದು, ಇದು ಬಾಳೆಕಾಯಿ ಮಂಡಿಯವರದ್ದು, ಇದು ಯಾಣಕ್ಕೆ ಜನ ಒಯ್ಯುತ್ತಿದ್ದ ಟ್ಯಾಕ್ಸಿ. ನನಗೆ ಅವೆಲ್ಲ ಒಂದೇ ಕೆಂಪು ತಗಡು.

ಒಮ್ಮೆ ಮಂಗಳೂರಿನ ಒಬ್ಬ ಹುಡುಗ ಹಳೆಯ ಕಾರುಗಳನ್ನು ಹುಡುಕಿಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂತಿದ್ದ. ಹುಡುಗನೆಂದರೆ ಮೂವತ್ತು ದಾಟಿದವನೇ. ಮೀಸೆಯನ್ನು ಹಳೆಯ ಕಾಲದವರ ಹಾಗೆ ತಿರುವಿದ್ದ. ಹಳೆಯ ಕಾರಿನ ಮೇಲೆ ಪ್ರೀತಿ ಇರುವವರು ಮೀಸೆಯನ್ನೂ ಹೀಗೆ ಬಿಡಬೇಕೆಂಬ ನಿಯಮ ಇದೆಯೋ ಏನೋ. ಕ್ಲಾಸಿಕ್ ಎನ್ನಬೇಕಾದರೆ ಕಾರಿಗೆ ಇಷ್ಟು ವಯಸ್ಸಾಗಿರಬೇಕು, ಭಾಗಗಳೆಲ್ಲ ಮೊದಲಿನವೇ ಇರಬೇಕು, ಬಣ್ಣ ಕಂಪನಿಯದೇ ಆಗಿರಬೇಕು ಎಂದು ಅವನು ಹೇಳುತ್ತ ಹೋದ. ಇವರು ಎಲ್ಲ ಕೇಳಿಸಿಕೊಂಡು, "ವಯಸ್ಸಾದದ್ದೆಲ್ಲ ಕ್ಲಾಸಿಕ್ ಆಗೂದಾದ್ರೆ, ತಮ್ಮಾ, ನಮ್ಮ ಹೊಳೆಬದೀಲಿ ಮಗುಚಿ ಬಿದ್ದ ದೋಣಿಗಳೂ ಕ್ಲಾಸಿಕ್ಕೇ. ನನ್ನತ್ತೇನೂ ಕ್ಲಾಸಿಕ್ಕು," ಎಂದರು. ನನ್ನ ತಾಯಿ ಆಗ ಒಳಗೇ ಇದ್ದಳು. ಕೇಳಿಸಿತೋ ಏನೋ, ಚಾ ತರಲು ಬಹಳ ಹೊತ್ತು ಮಾಡಿದಳು.

"ಹಾಗಾದ್ರೆ ನಿಮ್ಮ ಲೆಕ್ಕದಲ್ಲಿ ಯಾವುದು ಅಂಕಲ್?" ಎಂದು ಆ ಹುಡುಗ ಕೇಳಿದ.

ಇವರು ಹೇಳಿದ್ದು ಇಷ್ಟು: ಊರಿನ ಜನ ಆ ಕಾರನ್ನು ಒಬ್ಬ ಮನುಷ್ಯನ ಹೆಸರು ಹಿಡಿದು ಕರೆಯಬೇಕು. ಆ ಮನುಷ್ಯ ತೀರಿಹೋದ ಮೇಲೂ, ಮನೆ ಕೈ ಬದಲಾದ ಮೇಲೂ ಹಾಗೇ ಕರೆಯಬೇಕು. ಅಂಥ ಕಾರಿಗೆ ಬೇರೆ ಬಾಗಿಲು ಹಾಕಿದರೂ ಅಡ್ಡಿಯಿಲ್ಲ.

ಇವರ ಲೆಕ್ಕಕ್ಕೆ ಸರಿಯಾಗಿ ಕೂರುತ್ತಿದ್ದದ್ದು ಭಟ್ಕಳದ ಫಿಯೆಟ್. ದುಬೈಯಲ್ಲಿರುವ ಜಾವೇದ್ ಎಂಬವರ ತಂದೆ ಅದನ್ನು ಹಿಂದೆ ಬೊಂಬಾಯಿಯಿಂದ ಓಡಿಸಿಕೊಂಡು ಬಂದದ್ದು. ಆ ಸಾಹೇಬರು ತೀರಿಹೋಗಿ ಎಷ್ಟೋ ವರ್ಷವಾದರೂ ಆ ಓಣಿಯಲ್ಲಿ ಅದು ಸಾಹೇಬರ ಫಿಯೆಟ್ಟೇ. ಗೇರು ಸ್ಟೀರಿಂಗಿನ ಬಳಿ ಇರುವ ಹಳೆಯ ಕಾರು, ಹಾಲಿಗೆ ಚೂರು ಚಾ ಬೆರೆಸಿದಂಥ ಬಣ್ಣ. ಇವರಿಗೆ ಅದರ ಮೇಲೆ ಪಕ್ಷಪಾತ. ಉಳಿದವಕ್ಕೆ ವಾರಕ್ಕೊಮ್ಮೆಯಾದರೆ ಇದಕ್ಕೆ ಭಟ್ಕಳ ಕಡೆ ಹೋದಾಗಲೆಲ್ಲ ಒಂದು ಭೇಟಿ.

ಅದನ್ನು ಇಟ್ಟಿದ್ದದ್ದು ಮನೆಯ ಬದಿಯ ಒಂದು ಶಟರಿನ ಕೋಣೆಯಲ್ಲಿ. ಕೋಣೆಯ ಬಾಯಿ ಪಶ್ಚಿಮಕ್ಕೆ. ಒಳಗೆ ಕಾರಿನ ಜೊತೆಗೆ ಜಾವೇದರ ಮನೆಯ ಗಾದಿಗಳು, ಜಮಖಾನೆಗಳು, ಮಕ್ಕಳ ತೊಟ್ಟಿಲು, ಎಲ್ಲವೂ ಇದ್ದವು.

ಆ ಗುರುವಾರ ಮಧ್ಯಾಹ್ನ ದಾಟಿದ ಮೇಲೆ ಕಾಸರಕೋಡಿನಲ್ಲಿ ಗುಡುಗಿ ಮಳೆ ಬಂತು. ಮಳೆಗಾಲ ಮುಗಿಯುತ್ತ ಬಂದ ದಿನಗಳು. ಅಕ್ಕಪಕ್ಕದವರು ಒಣಮೀನು ಹರವಿದ್ದರು. ಓಣಿಯ ಹೆಂಗಸರೆಲ್ಲ ಓಡಿ ಟಾರ್ಪಾಲು ಎಳೆದೆವು. ಒದ್ದೆಯಾಗಿ ಒಳಗೆ ಬಂದು ತಲೆ ಒರೆಸಿಕೊಳ್ಳುತ್ತಿದ್ದಾಗ ಇವರಿಗೆ ಫೋನ್ ಮಾಡಿದೆ, ಮಳೆ ನಿಂತ ಮೇಲೆ ಹೊರಡಿ ಎನ್ನಲು. ರಿಂಗಾಯಿತು, ಎತ್ತಲಿಲ್ಲ. ಸ್ಕೂಟರ್ ಮೇಲಿರಬೇಕು ಎಂದುಕೊಂಡು ಮತ್ತೆ ಯಂತ್ರದ ಮುಂದೆ ಕೂತೆ.

ಸಂಜೆ ಭಟ್ಕಳದ ಆ ಓಣಿಯ ತುದಿಯ ಅಂಗಡಿಯ ನಾಯ್ಕರು, ಗಣಪತಿಯ ಸ್ಕೂಟರು ಇನ್ನೂ ಅಲ್ಲೇ ಇದೆಯಲ್ಲ ಎಂದು ಹೋಗಿ ನೋಡಿದರಂತೆ. ಶಟರ್ ಪೂರ್ತಿ ಇಳಿದಿತ್ತು. ಎತ್ತಿದಾಗ ಒಳಗಿನಿಂದ ಹೊಗೆ ಹೊರಬಿತ್ತು. ಎಂಜಿನ್ ನಿಂತಿತ್ತು. ಇವರು ಡ್ರೈವರ್ ಸೀಟಿನಲ್ಲಿ ತಲೆಯನ್ನು ಹಿಂದಕ್ಕೆ ಆನಿಸಿ ಕೂತಿದ್ದರು. ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಮಲಗಿದ್ದಾರೆ ಎಂದುಕೊಂಡೆ ಅಕ್ಕಾ, ಎಂದು ನಾಯ್ಕರು ಆಮೇಲೆ ನನಗೆ ಹೇಳಿದರು.

ಮುಚ್ಚಿದ ಕೋಣೆಯಲ್ಲಿ ಹಳೆಯ ಎಂಜಿನ್ನಿನ ಹೊಗೆ. ಅದರ ವಾಸನೆ ತಿಳಿಯುವ ಮೊದಲೇ ನಿದ್ದೆ ಹತ್ತಿಬಿಡುತ್ತದೆ ಎಂದು ಆಸ್ಪತ್ರೆಯಲ್ಲಿ ತಿಳಿಸಿ ಹೇಳಿದರು. ಠಾಣೆಯ ಸಾಹೇಬರು ಒಳ್ಳೆಯ ಮನುಷ್ಯ. "ಹಳೇ ಶಟರ್ ಅಮ್ಮಾ, ಅರ್ಧಕ್ಕೆ ನಿಲ್ಲಿಸಿದ್ದು ತಾನಾಗಿ ಜಾರಿರಬಹುದು. ಆಕಸ್ಮಿಕ ಅಂತಲೇ ಬರೆದಿದ್ದೇವೆ," ಎಂದರು. ಅವರು ಬರೆದದ್ದನ್ನು ಯಾರೂ ಪ್ರಶ್ನಿಸಲಿಲ್ಲ. ಆದರೆ ಹನ್ನೆರಡನೆಯ ದಿನ ಊಟಕ್ಕೆ ಬಂದವರು ಬಾಳೆಲೆ ಎತ್ತುವಾಗ ಮೆಲ್ಲಗೆ ಮಾತಾಡಿಕೊಂಡರು. ಹೆಂಗಸರು ಮೆಲ್ಲಗೆ ಆಡಿದ ಮಾತು ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳಿಸುತ್ತದೆ.

"ಎಂಜಿನ್ ಹೊಗೆ ಅಂದ್ರೆ ಎಂತ ಅಂತ ಅಂವಂಗೆ ಗೊತ್ತಿರ್ಲಿಲ್ಯ? ಬೋಟಲ್ಲಿ ದುಡಿದ ಗಂಡಸು."

"ಅದೇ ನಾನೂ ಹೇಳೂದು. ಶಟರ್ ಎಂತಕ್ಕೆ ಹಾಕ್ಕಂಡ?"

"ಮನೇಲಿ ಎಂತಾರೂ ಆಗಿತ್ತನ."

ಗೊತ್ತಿತ್ತು. ಅದೇ ಕಷ್ಟ. ಸೋದರಮಾವನ ಬೋಟಿನ ಎಂಜಿನ್ ಗುಂಡಿಯಲ್ಲಿ ಒಬ್ಬ ಹುಡುಗ ಹೊಗೆಗೆ ಪ್ರಜ್ಞೆ ತಪ್ಪಿದ್ದನ್ನು ಇವರೇ ನನಗೆ ಹೇಳಿದ್ದರು. ಶಟರ್ ಎತ್ತದೆ ಕೀಲಿ ತಿರುಗಿಸುವುದಿಲ್ಲ ಎಂಬುದು ಇವರ ನೇಮ. ಆ ನೇಮ ತಪ್ಪಲು ನನಗೆ ತೋಚುವುದು ಒಂದೇ ಕಾರಣ. ಪಡುವಣ ಗಾಳಿಯ ಜೊತೆ ಮಳೆ ಬಂದರೆ ಆ ಕೋಣೆಗೆ ನೇರ ಎರಚಲು ಹೊಡೆಯುತ್ತದೆ. ಹಿಂದಿನ ವರ್ಷ ಹಾಗೆ ಹೊಡೆದು ಜಾವೇದರ ಹೆಂಡತಿಯ ಜಮಖಾನೆ ಒದ್ದೆಯಾದಾಗ ಇವರು ವಾರಗಟ್ಟಲೆ ಪೇಚಾಡಿದ್ದರು. ಪರರ ವಸ್ತು ನೆನೆಯಬಾರದು ಎಂದು ಎಂಜಿನ್ ಬಿಸಿಯಾಗುವಷ್ಟು ಹೊತ್ತು ಶಟರ್ ಎಳೆದುಕೊಂಡಿರಬಹುದು. ಮಂಡಿ ನೋವು; ಇಳಿದು ನಿಲ್ಲುವ ಬದಲು ಸೀಟಿನಲ್ಲೇ ಕೂತಿರಬಹುದು. ಮಳೆ ಬಂದಿದ್ದರೆ ಎಲ್ಲವೂ ಸರಿ ಕೂರುತ್ತದೆ ಎಂದು ಸುಮಾಗೂ ಹೇಳಿದ್ದೆ.

ಸುಮಾ ಅತ್ತದ್ದು ಮೊದಲ ದಿನ ಮಾತ್ರ. ಆಮೇಲೆ ಅವಳು ಊಟ ಬಿಟ್ಟಳು ಎನ್ನಲಾಗದು, ಬಡಿಸಿದ್ದನ್ನು ಕಲಸಿ ಇಡುತ್ತಿದ್ದಳು. ಕುಮಟಾದಲ್ಲಿ ಔಷಧಿ ಅಂಗಡಿಯ ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ. ಆ ಬೆಳಿಗ್ಗೆ ತಾನು ಫೋನಿನಲ್ಲಿ ಆಡಿದ ಮಾತನ್ನು ಅವಳು ಒಮ್ಮೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಪ್ರತಿ ಸಲ ಫೋನ್ ಇಡುವ ಮೊದಲು ಒಂದೇ ಪ್ರಶ್ನೆ.

"ಆಯಿ, ಅವತ್ತು ಭಟ್ಕಳದಲ್ಲಿ ಮಳೆ ಬಂದಿತ್ತಾ?"

ನಾನು ಕೇಳಲು ಹೊರಟೆ. ಹೇಗೂ ಇವರ ಬಳಿ ಇದ್ದ ಕೀಲಿಗಳನ್ನು ಅವರವರ ಮನೆಗಳಿಗೆ ಮುಟ್ಟಿಸಬೇಕಿತ್ತು. ಕುಮಟಾದ ಡಾಕ್ಟರ ಕಾರು ಆಗಲೇ ಏಳುವುದನ್ನು ಬಿಟ್ಟಿತ್ತು. ಧಾರೇಶ್ವರದ ಅಂಬಾಸಿಡರಿನ ಮುಸುಕನ್ನು ಗಾಳಿ ಅರ್ಧ ಎಳೆದು ಹಾಕಿತ್ತು. ನಾನು ಸರಿಮಾಡಲು ಹೋಗಿ, ಕಟ್ಟುವ ದಾರ ಎಲ್ಲಿದೆ ಎಂದು ತಿಳಿಯದೆ ಒಂದು ಕಲ್ಲು ಹೇರಿ ಬಂದೆ. ಬೇರೆ ಯಾರಾದರೂ ಸಿಗುತ್ತಾರೆಯೇ ಎಂದು ಮಾಲೀಕರು ಫೋನಿನಲ್ಲಿ ಕೇಳುತ್ತಿದ್ದರು. ಈಗಿನ ಹುಡುಗರು ಕಾರು ಓಡಿಸಲು ಬರುತ್ತಾರೆ, ನಿಲ್ಲಿಸಿದಲ್ಲೇ ಎಬ್ಬಿಸಿ ಮಲಗಿಸಲು ಯಾರು ಬರುತ್ತಾರೆ? ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಇವರ ಕೈಯಲ್ಲಿದ್ದ ಕಾರುಗಳೆಲ್ಲ ಒಂದೊಂದಾಗಿ ನನಗೂ ಗುರುತು ಸಿಗುವ ಆ ಕೆಂಪು ಬಣ್ಣಕ್ಕೆ ತಿರುಗತೊಡಗಿದವು.

ಭಟ್ಕಳದಲ್ಲಿ ಮೊದಲು ಅಂಗಡಿಯ ನಾಯ್ಕರನ್ನು ಕೇಳಿದೆ. ಅವತ್ತು ಮಧ್ಯಾಹ್ನ ಊಟ ಮಾಡಿ ಅಂಗಡಿಯ ಒಳಗೆ ಮಲಗಿದ್ದರಂತೆ.

"ಸ್ಕೂಟರಿನ ಸೀಟು ಒದ್ದೆ ಇತ್ತ ನಾಯ್ಕರೆ?"

"ಅಕ್ಕಾ, ಒಳಗೆ ಅಂವ ಹಂಗೆ ಕೂತಿರುವಾಗ ಸೀಟು ಯಾರು ಮುಟ್ಟಿ ನೋಡ್ತ್ರು?"

ಅದೂ ಸರಿ. ಸ್ಕೂಟರು ಮನೆಗೆ ಬಂದದ್ದು ಮಾರನೆಯ ದಿನ, ಟೆಂಪೋದಲ್ಲಿ. ಮಳೆಕೋಟು ಸೀಟಿನಡಿ ಮಡಚಿದಂತೆಯೇ ಒಣಗಿತ್ತು. ಮಳೆಗೆ ಮೊದಲೇ ಅಲ್ಲಿ ತಲುಪಿದ್ದರೆ ಅದು ಒಣಗಿರಲೇಬೇಕು. ಮಳೆಯೇ ಬಾರದಿದ್ದರೂ ಒಣಗಿರಲೇಬೇಕು.

ರಿಕ್ಷಾ ನಿಲ್ದಾಣದಲ್ಲಿ ಕೇಳಿದೆ. ಒಬ್ಬ, "ಹೊಡೀತಲ್ಲ ಅಕ್ಕಾ ಅವತ್ತು! ನಾ ಎರಡೂ ಬದಿ ಪರದೆ ಇಳಿಸಿದ್ದೆ," ಎಂದ. ನನ್ನ ಎದೆ ಹಗುರಾಗುವಷ್ಟರಲ್ಲಿ ಪಕ್ಕದವನು, "ಅದು ಬುಧವಾರ ಮಾರಾಯ. ಗುರುವಾರ ನೀ ಮುರ್ಡೇಶ್ವರಕ್ಕೆ ಬಾಡಿಗೆ ಹೋಗಿದ್ದೆ, ಅಲ್ಲಿ ಬಂದಿರೂದು," ಎಂದ. ಮೂರನೆಯವನು, "ಇಂವಂಗೆ ನಿನ್ನೆ ಉಂಡದ್ದು ನೆನಪಿಲ್ಲ, ಕೇಳ್ಬೇಡ್ರಾ," ಎಂದ. ಮೂವರೂ ಜಗಳಕ್ಕೇ ನಿಂತರು. ನಾನು ಯಾಕೆ ಕೇಳುತ್ತಿದ್ದೇನೆ ಎಂದು ತಿಳಿದ ಮೇಲೆ ಜಗಳ ಬಿಟ್ಟರು. ಮೊದಲನೆಯವನು ನನ್ನ ಮುಖ ನೋಡದೆ, "ಬಂದಿತ್ತು ಅಕ್ಕಾ, ಬಂದಿತ್ತು," ಎಂದ. ಅವನ ದನಿಯಲ್ಲೇ ಅದಕ್ಕೆ ಬೆಲೆಯಿಲ್ಲ ಎಂದು ಗೊತ್ತಾಯಿತು.

ನಮ್ಮ ಕಡೆಯ ಮಳೆಯನ್ನು ನಂಬಲಾಗುವುದಿಲ್ಲ. ಹೊನ್ನಾವರದಿಂದ ಹೊರಟ ಬಸ್ಸಿನ ಕಿಟಕಿಯನ್ನು ಮಂಕಿಯಲ್ಲಿ ಹಾಕಬೇಕು, ಶಿರಾಲಿಯಲ್ಲಿ ಸೆಕೆಯೆಂದು ತೆಗೆಯಬೇಕು. ಒಂದೇ ಓಣಿಯಲ್ಲಿ ಈಚೆ ಮನೆಯ ಅಂಗಳ ನೆನೆದು ಆಚೆ ಮನೆಯದು ಒಣಗಿರುವುದನ್ನು ನಾನೇ ನೋಡಿದ್ದೇನೆ. ಹಾಗಾಗಿ ಆ ಓಣಿಯಲ್ಲಿ ಅವತ್ತು ಇದ್ದವರನ್ನೇ ಕೇಳಬೇಕು. ಫಿಯೆಟ್ ಇದ್ದ ಕೋಣೆಗೆ ಅಂಟಿಕೊಂಡಂತೆ ಇರುವುದು ಬೀಬಿಯಮ್ಮನ ಮನೆ. ಎಪ್ಪತ್ತು ದಾಟಿದ ಹೆಂಗಸು, ಒಬ್ಬ ಸೊಸೆಯ ಜೊತೆ ಇದ್ದಾರೆ. ಇವರು ಹೋದಾಗಲೆಲ್ಲ ಚಾ ಕೊಡುತ್ತಿದ್ದರು. ಆದರೆ ಆ ವಾರ ಅವರು ಊರಲ್ಲಿರಲಿಲ್ಲ. ಕಣ್ಣಿನ ಆಪರೇಷನ್ನಿಗೆಂದು ಮಂಗಳೂರಿಗೆ ಹೋಗಿದ್ದರು, ಸೊಸೆಯೂ ಜೊತೆಗೆ. ನಾನು ಮೊದಲ ಸಲ ಹೋದಾಗ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ನನ್ನ ಕೈ ಹಿಡಿದು, "ನಾನು ಇದ್ದಿದ್ರೆ ಬೇಟಿ, ಹೊಗೆ ವಾಸನೆಗಾದ್ರೂ ಹೊರಗೆ ಬರ್ತಿದ್ದೆ. ಆ ದಿನವೇ ನಾನು ಇಲ್ಲ, ನೋಡು," ಎಂದು ಅತ್ತರು. ಕಣ್ಣಿಗೆ ನೀರು ಬರಬಾರದು ಎಂದು ಸೊಸೆ ಗದರಿದಳು. ಸುಮಾ ಕೇಳುವ ಪ್ರಶ್ನೆಯನ್ನು ನಾನು ಅವರಿಗೆ ಹೇಳಿದೆ. ಅವಳು ಆ ಬೆಳಿಗ್ಗೆ ಆಡಿದ ಮಾತನ್ನೂ ಹೇಳಿದೆ. ಬೇರೆ ಯಾರಿಗೂ ಹೇಳಿರಲಿಲ್ಲ.

ಹೀಗೇ ಎರಡು ಮಳೆಗಾಲ ಹೋಯಿತು. ಫಿಯೆಟ್ಟನ್ನು ಕೋಣೆಯಿಂದ ದೂಡಿ ಅಂಗಳದ ಮೂಲೆಗೆ ಹಾಕಿದ್ದರು. ಜಾವೇದರು ಆಗಾಗ ಫೋನ್ ಮಾಡುತ್ತಿದ್ದರು. "ಅಕ್ಕಾ, ಆ ಕಾರನ್ನ ನಮ್ಮಲ್ಲಿ ಯಾರೂ ಮುಟ್ಟೂದಿಲ್ಲ. ಅಬ್ಬಾನ ಕಾರು, ಗುಜರಿಗೆ ಹಾಕೂಕೂ ಮನಸ್ಸು ಬರೂದಿಲ್ಲ. ಮಂಗಳೂರಿನ ಒಬ್ಬ ಹುಡುಗ ರಿಪೇರಿ ಮಾಡಿ ಇಟ್ಕೊಳ್ತೇನೆ ಅಂತಾನೆ. ನೀವು ಬೇಡ ಅಂದ್ರೆ ಬೇಡ," ಎಂದರು. ಆ ಕಾರಿನ ಮೇಲೆ ನನಗೆ ಯಾವ ಹಕ್ಕು? ಆದರೂ ಕೇಳಿದರು. ಒಯ್ಯಲಿ, ಒಯ್ಯುವ ದಿನ ನಾನು ಬರುತ್ತೇನೆ ಎಂದೆ.

ಕಳೆದ ವಾರ ಹೋಗಿದ್ದೆ. ಅದೇ ಮೀಸೆಯ ಹುಡುಗ, ಕಾರು ಹೊರುವ ಲಾರಿ ತಂದಿದ್ದ. ನಾನು ಯಾರೆಂದು ಅವನಿಗೆ ಗುರುತು ಸಿಗಲಿಲ್ಲ, ನಾನೂ ಹೇಳಲಿಲ್ಲ. ಟಯರುಗಳು ಮಣ್ಣಿನಲ್ಲಿ ಹೂತಿದ್ದವು. ಕನ್ನಡಿಯ ಹಿಂದೆ ಕಣಜ ಗೂಡು ಕಟ್ಟಿತ್ತು. ಬಾಗಿಲಿನ ಕೆಳಗೆ ಬೆರಳು ಒತ್ತಿದರೆ ತಗಡು ಪುಡಿಯಾಗಿ ಬೀಳುತ್ತಿತ್ತು. ಹುಡುಗ ಸುತ್ತ ತಿರುಗಿ ಕೈಯಲ್ಲಿ ಉಜ್ಜಿ ಉಜ್ಜಿ ನೋಡಿ, "ಆಂಟಿ, ಸ್ಟೀರಿಂಗ್ ಒರಿಜಿನಲ್, ದೀಪ ಒರಿಜಿನಲ್. ಸೀಟು ಮಾತ್ರ ಪೂರ್ತಿ ಹೋಗಿದೆ, ಅದನ್ನ ಕಿತ್ತು ಹೊಸತು ಹಾಕಬೇಕು. ನೋಡ್ತಾ ಇರಿ, ಹೇಗೆ ಎದ್ದು ಬರ್ತದೆ," ಎಂದ. ಅವನಿಗೆ ಸಂತೋಷ ತಡೆಯಲಾಗುತ್ತಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಡ್ರೈವರ್ ಸೀಟಿನ ಬೆನ್ನು ಹರಿದು ನಾರು ಹೊರಬಂದಿತ್ತು. ತಲೆ ಆನಿಸುವಷ್ಟು ಎತ್ತರ ಆ ಸೀಟಿಗೆ ಇಲ್ಲ ಎಂಬುದನ್ನು ನಾನು ಅವತ್ತೇ ನೋಡಿದ್ದು. ಹಾಗಾದರೆ ಇವರ ಕುತ್ತಿಗೆ ಎಷ್ಟು ಹಿಂದಕ್ಕೆ ಬಾಗಿತ್ತೋ.

ಲಾರಿಗೆ ಎಳೆಯುವಾಗ ಓಣಿಯ ಜನ ಹೊರಗೆ ಬಂದು ನಿಂತರು. ಯಾರೋ ಹೆಂಗಸು ಒಳಗಿನವರನ್ನು ಕರೆದಳು: "ಬನ್ನಿ ಬನ್ನಿ, ಗಣಪತಿ ಕಾರು ಒಯ್ತ್ರು!"

ಸಾಹೇಬರ ಫಿಯೆಟ್ ಎನ್ನಲಿಲ್ಲ. ಇನ್ನೊಬ್ಬರೂ ಗಣಪತಿ ಕಾರು ಎಂದರು. ಎರಡು ವರ್ಷದಲ್ಲಿ ಆ ಓಣಿಯಲ್ಲಿ ಅದರ ಹೆಸರು ಬದಲಾಗಿದ್ದದ್ದು ನನಗೆ ತಿಳಿದೇ ಇರಲಿಲ್ಲ. ಇವರ ಲೆಕ್ಕದಲ್ಲಿ ಈಗ ಅದು ಎರಡು ಸಲ ಕ್ಲಾಸಿಕ್. ಸ್ವಂತಕ್ಕೆ ಕಾರಿಲ್ಲದ ಮನುಷ್ಯನಿಗೆ ಹೀಗೊಂದು ಕಾರು ಸಿಕ್ಕಿತು. ಇದನ್ನು ಬರೆಯುವಾಗ ನಗು ಬರುವುದಿಲ್ಲ, ಇವರಾಗಿದ್ದರೆ ನಗುತ್ತಿದ್ದರು.

ಲಾರಿ ಓಣಿ ದಾಟಿದ ಮೇಲೆ ಬೀಬಿಯಮ್ಮ ನನ್ನನ್ನು ಒಳಗೆ ಕರೆದರು. ಸೊಸೆಯನ್ನು ಚಾ ಮಾಡಲು ಕಳಿಸಿದರು. ಕನ್ನಡಕ ಈಗ ಮಾಮೂಲಿಯದು. ಜಮಖಾನೆಯ ಅಂಚನ್ನು ಬೆರಳಿನಿಂದ ನೀವುತ್ತ, "ಬೇಟಿ, ಒಂದು ಮಾತು ಇದೆ. ಇಷ್ಟು ದಿನ ಹೇಳ್ಳಿಕ್ಕೆ ಧೈರ್ಯ ಆಗ್ಲಿಲ್ಲ," ಎಂದರು.

"ಎಂತ ಬೀಬಿಯಮ್ಮ?"

"ಅವತ್ತು ಶಟರ್ ಇಳಿಸು ಅಂತ ನಾನೇ ಹೇಳಿದ್ದು ಗಣಪತಿಗೆ. ಇಂಜಿನ್ ಸದ್ದು ತಲೆಗೆ ಹೊಡೀತಿತ್ತು. ನಾನು ಕಿಟಕಿಯಿಂದ ಕೂಗಿದೆ, ಅರೆ ಗಣಪತಿ, ಸ್ವಲ್ಪ ಮುಚ್ಚಿಕೊಳ್ಳೋ, ಅಂತ. ಆತು ಬೀಬಿಯಮ್ಮ, ಅಂದ. ಇಳಿಸಿದ. ಅಷ್ಟೇ. ಅವನ ಮನಸ್ಸಲ್ಲಿ ಬೇರೆ ಏನೂ ಇರ್ಲಿಲ್ಲ. ನಗ್ತಾ ಇದ್ದ." ಆಮೇಲೆ ಜಮಖಾನೆಯಿಂದ ಕಣ್ಣು ಎತ್ತದೆಯೇ, "ಮಗಳಿಗೆ ಹೇಳು. ಅಪ್ಪ ಹೋದದ್ದು ಆ ಮುದುಕಿಯಿಂದ ಅಂತ ಹೇಳು. ನನ್ನ ಮೇಲೆ ಸಿಟ್ಟು ಮಾಡ್ಲಿ. ಪರವಾಗಿಲ್ಲ," ಎಂದರು.

ನಾನು ಅವರ ಮುಖ ನೋಡಿದೆ. ಆ ಗುರುವಾರ ಅವರು ಮಂಗಳೂರಿನ ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಚಾ ತಂದಿಟ್ಟ ಸೊಸೆಗೂ ಗೊತ್ತು. ಅವಳು ಏನೂ ಕೇಳಿಸದವಳಂತೆ ಒಳಗೆ ಹೋದಳು. ಐದು ಹೊತ್ತು ನಮಾಜು ತಪ್ಪಿಸದ ಆ ಹೆಂಗಸು ಒಂದು ಸಾವನ್ನು ತಾವಾಗಿ ತಮ್ಮ ತಲೆಯ ಮೇಲೆ ಎಳೆದುಕೊಂಡು ನನ್ನೆದುರು ಕೂತಿದ್ದರು.

"ಆತು, ಹೇಳ್ತೆ," ಎಂದೆ. ಚಾ ಕುಡಿದೆ. ಏಲಕ್ಕಿ ಹಾಕಿದ್ದರು.

ಭಟ್ಕಳದ ಬಸ್ ನಿಲ್ದಾಣದಲ್ಲಿ ಕೂತು ಸುಮಾಗೆ ಫೋನ್ ಮಾಡಿದೆ. ಅವಳು ಅಂಗಡಿಯಲ್ಲಿದ್ದಳು, ಹಿಂದೆ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದರು. ಬೀಬಿಯಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ, ಕೂಡಿಸಲಿಲ್ಲ, ಕಳೆಯಲಿಲ್ಲ.

"ಆಯಿ, ಅವ್ರು ಆ ವಾರ ಮಂಗಳೂರಲ್ಲಿ ಇದ್ರು ಅಂತ ನೀನೇ ಹೇಳಿದ್ಯಲ್ಲ?"

ಮರೆತಿರಬಹುದು ಎಂದುಕೊಂಡಿದ್ದೆ. "ಹೌದು," ಎಂದೆ.

"ಮತ್ತೆ?"

"ಆದ್ರೂ ಹಂಗೆ ಹೇಳಿದ್ರು. ನಿಂಗೆ ಹೇಳೂಕೆ ಹೇಳಿದ್ರು."

ಕೆಮ್ಮಿನ ಔಷಧಿಯವರು ಮತ್ತೆ ಕರೆದರು. ಸುಮಾ ಅವರಿಗೆ "ಒಂದ್ ನಿಮಿಷ" ಎಂದಳು. ಆಮೇಲೆ ಅವಳ ಮೂಗು ಎಳೆಯುವ ಸದ್ದು ಕೇಳಿಸಿತು. ಮೊದಲ ದಿನದ ನಂತರ ಅವಳು ಅತ್ತದ್ದು ಇದೇ.

"ಇನ್ನೊಂದ್ಸಲ ನೀ ಅಲ್ಲಿಗೆ ಹೋಗೂವಾಗ ನಾನೂ ಬತ್ತೆ," ಎಂದಳು. "ಬರೀ ಕೈಲಿ ಹೋಗೂದು ಬೇಡ. ಎಂತಾರೂ ಮಾಡ್ಕಂಡು ಹೋಗ್ವ."

ಭಾನುವಾರ ಅವಳು ಕಾಸರಕೋಡಿಗೆ ಬಂದಳು. ಮೀನು ಬೇಯಿಸಿದ್ದೆ. ಬಡಿಸಿದ್ದನ್ನು ಉಂಡು, ಮತ್ತೊಮ್ಮೆ ಅನ್ನ ಹಾಕಿಸಿಕೊಂಡಳು. ಸಂಜೆ ಹೊರಡುವಾಗ ಮಳೆಯ ಮಾತು ಕೇಳಲಿಲ್ಲ. ನಾನೂ ಇನ್ನು ಭಟ್ಕಳದ ರಿಕ್ಷಾದವರನ್ನು ಕೇಳಲು ಹೋಗುವುದಿಲ್ಲ.

ಠಾಣೆಯವರು ಒಂದು ಕಾರಣ ಕೊಟ್ಟಿದ್ದಾರೆ. ನಾನು ಒಂದು ಕಾರಣ ಕಟ್ಟಿಕೊಂಡಿದ್ದೇನೆ. ಬೀಬಿಯಮ್ಮ ತಮ್ಮದೇ ಒಂದನ್ನು ಕೊಟ್ಟಿದ್ದಾರೆ. ಮೂರರಲ್ಲಿ ಸುಮಾ ಮತ್ತು ನಾನು ಜೋಪಾನವಾಗಿ ಇಟ್ಟುಕೊಂಡಿರುವುದು ಬೀಬಿಯಮ್ಮ ಕೊಟ್ಟದ್ದನ್ನು. ಇವರು ಅವತ್ತು ಶಟರ್ ಯಾಕೆ ಇಳಿಸಿದರು ಎಂಬುದು ಮಾತ್ರ ನಮಗೆ ಗೊತ್ತಿಲ್ಲ.